ಎಂಟು ಹಂಟರ್ ಜೆಟ್‌ಗಳು, ಒಂದೇ ರನ್‌ವೇ: 1956ರ ಒಂದು ತರಬೇತಿ ಹಾರಾಟದ ಪ್ರಕರಣ ಅಧ್ಯಯನ

1956ರ ಫೆಬ್ರವರಿ 8. ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಪ್ರಾಂತ್ಯ. ಬ್ರಿಟಿಷ್ ವಾಯುಪಡೆಯ ಎಂಟು ಹಾಕರ್ ಹಂಟರ್ ಜೆಟ್‌ಗಳು ತರಬೇತಿಗೆಂದು ಮೇಲೇರಿದವು. ಅವುಗಳಲ್ಲಿ ಸರಿಯಾಗಿ ಬಂದಿಳಿದದ್ದು ಎರಡೇ. ಉಳಿದ ಆರೂ ಇಂಧನ ಮುಗಿದು ನೆಲಕ್ಕೆ ಬಿದ್ದವು. ನಾಲ್ವರು ಪೈಲಟ್‌ಗಳು ಎಜೆಕ್ಷನ್ ಸೀಟಿನಿಂದ, ಅಂದರೆ ತುರ್ತಿನಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನದಿಂದ, ಹೊರಕ್ಕೆ ಹಾರಿ ಬದುಕಿದರು. ಒಬ್ಬರು ಹೇಗೋ ಹೊಲದಲ್ಲಿ ಇಳಿಸಿ ಉಳಿದುಕೊಂಡರು. ಒಬ್ಬರು ವಿಮಾನದ ಜೊತೆಗೇ ಬಿದ್ದು ಸತ್ತರು.

ಅದು ಯುದ್ಧದ ದಿನವಲ್ಲ. ಯಾರೂ ಗುಂಡು ಹಾರಿಸಿರಲಿಲ್ಲ. ಓಡಿಸುತ್ತಿದ್ದವರು ಹೊಸಬರೂ ಅಲ್ಲ. ಹಾಗಿದ್ದೂ ಒಂದೇ ತರಬೇತಿ ಹಾರಾಟದಲ್ಲಿ ಆರು ಯುದ್ಧವಿಮಾನ ಹೋದವು. ವಿಮಾನ ಸುರಕ್ಷತೆ ಓದುವವರಿಗಷ್ಟೇ ಅಲ್ಲ, ತಂಡ ಕಟ್ಟಿಕೊಂಡು ಕೆಲಸ ಮಾಡುವ ಯಾರಿಗಾದರೂ ಈ ಪ್ರಕರಣ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ. ಪೈಲಟ್‌ಗಳ ಹೆಸರು ಇಲ್ಲಿ ಹಾಕಿಲ್ಲ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಯಾವ ಹೊತ್ತಿನಲ್ಲಿ ಯಾವ ನಿರ್ಧಾರಕ್ಕೆ ಜಾಗವಿತ್ತು, ಆ ಜಾಗ ಯಾವಾಗ ಮುಚ್ಚಿಹೋಯಿತು ಅನ್ನುವುದನ್ನು ನೋಡೋಣ.

ಹಿನ್ನೆಲೆ

ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆದಿತ್ತು. ಜೆಟ್ ಯುಗ ಇನ್ನೂ ಎಳೆಯದು. ಬ್ರಿಟನ್ನಿನ ಮೊದಲ ಜೆಟ್ ಯುದ್ಧವಿಮಾನ ಗ್ಲೋಸ್ಟರ್ ಮೀಟಿಯರ್ ಸೇವೆಗೆ ಬಂದದ್ದು 1944ರಲ್ಲಿ. ಆಮೇಲೆ ಶೀತಲ ಸಮರ ಬಂತು, ಕೊರಿಯಾ ಯುದ್ಧ ಬಂತು. ಅವಸರದಲ್ಲಿ ಸಾವಿರಾರು ಯುವಕರನ್ನು ಜೆಟ್‌ಗೆ ಹತ್ತಿಸಲಾಯಿತು. ಅದಕ್ಕೆ ತೆತ್ತ ಬೆಲೆ ದೊಡ್ಡದು. ಬ್ರಿಟಿಷ್ ವಾಯುಪಡೆ ಮೀಟಿಯರ್ ಒಂದರಲ್ಲೇ ಸುಮಾರು 890 ವಿಮಾನಗಳನ್ನೂ ಸುಮಾರು 450 ಪೈಲಟ್‌ಗಳನ್ನೂ ಕಳೆದುಕೊಂಡಿತು. 1953ನೇ ಇಸವಿಯೊಂದರಲ್ಲೇ 145 ಮೀಟಿಯರ್‌ಗಳು ಬಿದ್ದವು. ಈ ಅಂಕಿಯನ್ನು ಓದಿದಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಶಾಂತಿಯ ಕಾಲದಲ್ಲಿ, ತಮ್ಮದೇ ಊರುಗಳ ಮೇಲೆ, ಪಾಠ ಕಲಿಯುತ್ತಾ ಸತ್ತವರು ಇಷ್ಟು ಜನ.

ಆ ಅಪಘಾತಗಳಿಗೆ ಕಾರಣ ಹಲವು. ಎರಡು ಎಂಜಿನ್‌ಗಳ ಮೀಟಿಯರ್‌ನಲ್ಲಿ ಒಂದನ್ನು ನಿಲ್ಲಿಸಿ ಹಾರಿಸುವ ಅಭ್ಯಾಸ ಮಾಡುವಾಗ ಹಿಡಿತ ತಪ್ಪುತ್ತಿತ್ತು. ಮೊದಮೊದಲ ಮೀಟಿಯರ್‌ಗಳಲ್ಲಿ ಎಜೆಕ್ಷನ್ ಸೀಟು ಇರಲಿಲ್ಲ. ಇನ್ನೊಂದು ಕಾರಣ ಇಂಧನ. ಮೀಟಿಯರ್ ಒಮ್ಮೆ ತುಂಬಿಸಿದರೆ ಒಂದು ಗಂಟೆಯೂ ಹಾರುತ್ತಿರಲಿಲ್ಲ. ನಮ್ಮ ಪ್ರಕರಣದ ಬೇರು ಇರುವುದು ಈ ಇಂಧನದಲ್ಲೇ.

ಹಂಟರ್ ಮೀಟಿಯರ್‌ಗಿಂತ ಒಂದು ತಲೆಮಾರು ಮುಂದಿನದು. ಹಿಂದೆ ಹರಿಕೇನ್ ಯುದ್ಧವಿಮಾನ ಮಾಡಿದ್ದ ಸಿಡ್ನಿ ಕ್ಯಾಮ್ ಅವರೇ ಇದರ ವಿನ್ಯಾಸಕರು. 1951ರ ಜುಲೈಯಲ್ಲಿ ಮೊದಲು ಹಾರಿತು. 1953ರ ಸೆಪ್ಟೆಂಬರಿನಲ್ಲಿ ನೆವಿಲ್ ಡ್ಯೂಕ್ ಇದರಲ್ಲಿ ಗಂಟೆಗೆ 727 ಮೈಲಿಗೂ ಜಾಸ್ತಿ ವೇಗದ ವಿಶ್ವದಾಖಲೆ ಮಾಡಿದರು. ನೋಡಲು ಚೆಂದ, ಓಡಿಸಲು ಹಿತ ಎಂದು ಪೈಲಟ್‌ಗಳು ಇವತ್ತಿಗೂ ಹೊಗಳುವ ವಿಮಾನ ಇದು. ಆದರೆ 1954ರಲ್ಲಿ ಸೇವೆಗೆ ಬಂದ ಮೊದಲ ಮಾದರಿ, ಅಂದರೆ ಎಫ್ 1, ಹೊಟ್ಟೆಯಲ್ಲಿ ಹೊರುತ್ತಿದ್ದ ಇಂಧನ 334 ಗ್ಯಾಲನ್ ಮಾತ್ರ. ನಮ್ಮ ಲೆಕ್ಕದಲ್ಲಿ ಸುಮಾರು 1,500 ಲೀಟರ್. ಇದು ಸಾಲದು ಎಂದು ತಯಾರಕರಿಗೂ ವಾಯುಪಡೆಗೂ ಬೇಗ ತಿಳಿಯಿತು. ನಂತರದ ಎಫ್ 4 ಮಾದರಿಯಲ್ಲಿ ಅದನ್ನು 414 ಗ್ಯಾಲನ್‌ಗೆ ಏರಿಸಿದರು. ಅದು 1955ರಲ್ಲೇ ಸೇವೆಗೆ ಬಂದಿತ್ತು. ಫೆಬ್ರವರಿ 8ರಂದು ಹಾರಿದ್ದು ಮಾತ್ರ ಹಳೆಯ ಎಫ್ 1.

ಇಲ್ಲಿ ಜೆಟ್ ಎಂಜಿನ್ನಿನ ಒಂದು ಗುಣವನ್ನು ತಿಳಿದುಕೊಳ್ಳಲೇಬೇಕು. ಮೇಲೆ, 40,000 ಅಡಿಗೂ ಎತ್ತರದಲ್ಲಿ, ಗಾಳಿ ತೆಳು. ಅಲ್ಲಿ ಎಂಜಿನ್ ಕಡಿಮೆ ಇಂಧನ ಕುಡಿಯುತ್ತದೆ. ಅದೇ ಎಂಜಿನ್ ನೆಲದ ಹತ್ತಿರ ಬಂದರೆ ಹಲವು ಪಟ್ಟು ಜಾಸ್ತಿ ಕುಡಿಯುತ್ತದೆ. ಹಂಟರ್ ಎಫ್ 1ರ ಟ್ಯಾಂಕು ತುಂಬಿದ್ದರೂ ನೆಲಮಟ್ಟದಲ್ಲಿ ಪೂರ್ತಿ ಶಕ್ತಿ ಕೊಟ್ಟರೆ ಅರ್ಧ ಗಂಟೆಯೊಳಗೆ ಬರಿದಾಗುತ್ತದೆ. ಹಳೆಯ ಪ್ರೊಪೆಲ್ಲರ್ ವಿಮಾನದಲ್ಲಿ ರನ್‌ವೇ ಕಾಣದಿದ್ದರೆ ಸುಮ್ನೆ ಕೆಳಗೆ ನಿಧಾನವಾಗಿ ಸುತ್ತುತ್ತಾ ಕಾಯಬಹುದಿತ್ತು. ಜೆಟ್‌ನಲ್ಲಿ ಕಾಯುವುದಿದ್ದರೆ ಮೇಲೆಯೇ ಕಾಯಬೇಕು. ಒಮ್ಮೆ ಕೆಳಗಿಳಿದರೆ ಗಡಿಯಾರ ಓಡಲು ಶುರುವಾಗುತ್ತದೆ.

ಆ ದಿನ

ಆ ಎಂಟು ವಿಮಾನಗಳು ಹೊರಟದ್ದು ನಾರ್ಫೋಕ್‌ನ ವೆಸ್ಟ್ ರೇನಮ್ ವಾಯುನೆಲೆಯಿಂದ. ಅಲ್ಲಿ ಸೆಂಟ್ರಲ್ ಫೈಟರ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಸ್ಥೆ ಇತ್ತು. ಅದರ ಭಾಗವಾದ ಡೇ ಫೈಟರ್ ಲೀಡರ್ಸ್ ಸ್ಕೂಲ್‌ಗೆ ಸೇರಿದವು ಈ ವಿಮಾನಗಳು. ಹಾರುವುದನ್ನು ಕಲಿಸುವ ಶಾಲೆ ಅಲ್ಲ ಅದು. ಹಾರುವುದರಲ್ಲಿ ಪಳಗಿದವರಿಗೆ ಬೇರೆಯವರನ್ನು ಮುನ್ನಡೆಸುವುದನ್ನು ಕಲಿಸುವ ಶಾಲೆ. ಅಲ್ಲಿಗೆ ಬರುತ್ತಿದ್ದವರು ಮುಂದೆ ಸ್ಕ್ವಾಡ್ರನ್‌ಗಳಲ್ಲಿ, ಅಂದರೆ ವಾಯುಪಡೆಯ ದಳಗಳಲ್ಲಿ, ತಂಡ ನಡೆಸಬೇಕಾದ ಪೈಲಟ್‌ಗಳು. ಕಲಿಸುತ್ತಿದ್ದವರು ಅವರಿಗಿಂತ ಅನುಭವಿಗಳು. ಇದನ್ನು ನೆನಪಿನಲ್ಲಿಡಿ. ಅನುಭವ ಸಾಲದೆ ಅಪಘಾತ ಆಯಿತು ಎಂದು ಈ ಪ್ರಕರಣವನ್ನು ಮುಚ್ಚಿಹಾಕಲು ಆಗುವುದಿಲ್ಲ.

ಆ ದಿನದ ಪಾಠ ನಾಲ್ವರ ವಿರುದ್ಧ ನಾಲ್ವರ ಡಾಗ್‌ಫೈಟ್, ಅಂದರೆ ಹತ್ತಿರದಿಂದ ನಡೆಯುವ ಆಕಾಶ ಕಾಳಗದ ಅಭ್ಯಾಸ, 45,000 ಅಡಿ ಎತ್ತರದಲ್ಲಿ. ಅಷ್ಟು ಎತ್ತರಕ್ಕೆ ಏರುವುದಕ್ಕೇ ಇಂಧನದ ದೊಡ್ಡ ಪಾಲು ಹೋಗುತ್ತದೆ. ಆಮೇಲೆ ಅಟ್ಟಿಸಿಕೊಂಡು ಹೋಗುವುದು, ತಪ್ಪಿಸಿಕೊಳ್ಳುವುದು. ಎಲ್ಲವೂ ಹೆಚ್ಚು ಶಕ್ತಿ ಬೇಡುವ ಕೆಲಸ. ಮನೆಗೆ ಹೊರಡುವ ಹೊತ್ತಿಗೆ ಉಳಿಯುವುದು ಸ್ವಲ್ಪವೇ.

ಎಂಟು ವಿಮಾನ ಮೇಲಿರುವಾಗ ಕೆಳಗೆ ವೆಸ್ಟ್ ರೇನಮ್‌ನಲ್ಲಿ ಹವೆ ಕೆಟ್ಟಿತು. ಮೋಡ ತಗ್ಗಿತು, ಕಾಣುವ ದೂರ ಕಡಿಮೆಯಾಯಿತು. ತಂಡವನ್ನು ಮಾರ್ಹಮ್ ನೆಲೆಗೆ ಕಳಿಸಲು ನಿರ್ಧಾರವಾಯಿತು. ಮಾರ್ಹಮ್ ಬಾಂಬರ್‌ಗಳ ನೆಲೆ. ನೋಡಲು ಒಳ್ಳೆಯ ಆಯ್ಕೆಯೇ. ಸಮಸ್ಯೆ ಒಂದೇ, ಅದು ವೆಸ್ಟ್ ರೇನಮ್‌ನಿಂದ ನೇರ ದೂರದಲ್ಲಿ ಹತ್ತಿರ ಹತ್ತಿರ 20 ಕಿಲೋಮೀಟರ್ ಮಾತ್ರ. ಬೆಂಗಳೂರಿನವರಿಗೆ ಹೇಳುವುದಾದರೆ ಮೆಜೆಸ್ಟಿಕ್‌ನಿಂದ ಯಲಹಂಕ ದಾಟುವಷ್ಟು ದೂರ. ಮೆಜೆಸ್ಟಿಕ್‌ನಲ್ಲಿ ಕವಿದ ಮಂಜು ಯಲಹಂಕವನ್ನು ಬಿಟ್ಟುಬಿಡುತ್ತದೆ ಎಂದು ನಂಬಿ ಜೀವ ಪಣಕ್ಕಿಡಲು ಆಗುತ್ತದೆಯೇ?

ಬಿಡಲಿಲ್ಲ. ಹಂಟರ್‌ಗಳು ಇಳಿಯಲು ಬರುವಷ್ಟರಲ್ಲಿ ಮಾರ್ಹಮ್‌ನಲ್ಲೂ ಹವೆ ವೇಗವಾಗಿ ಕೆಟ್ಟಿತು. ರನ್‌ವೇ ಕಣ್ಣಿಗೆ ಬೀಳುತ್ತಿಲ್ಲ. ಎಂಟೂ ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಿವೆ. ಎಂಟರ ಟ್ಯಾಂಕೂ ಒಂದೇ ಪ್ರಮಾಣದಲ್ಲಿ ಖಾಲಿಯಾಗಿದೆ. ಇನ್ನೊಂದು ಕಡೆಗೆ ಹೋಗುವಷ್ಟು ಇಂಧನ ಇಲ್ಲ.

ಏನೇನು ದಾರಿ ಇತ್ತು

ಮೊದಲನೆಯದು ಕಣ್ಣಿನಿಂದಲೇ ಹುಡುಕಿ ಇಳಿಯುವುದು. ಯುದ್ಧವಿಮಾನ ತಂಡಗಳಿಗೆ ಇದೇ ರೂಢಿ. ಮೋಡದ ಕೆಳಗೆ ಬಂದು, ರನ್‌ವೇ ಗುರುತಿಸಿ, ಒಂದರ ಹಿಂದೆ ಒಂದು ಸರಸರ ಇಳಿಯುವುದು. ಹವೆ ಚೆನ್ನಾಗಿದ್ದರೆ ಎಂಟು ವಿಮಾನಕ್ಕೆ ಕೆಲವೇ ನಿಮಿಷ ಸಾಕು. ಇಂಧನ ಕಡಿಮೆ ಇರುವ ಜೆಟ್‌ಗೆ ಇದರಷ್ಟು ಉಳಿತಾಯದ ದಾರಿ ಬೇರೆ ಇಲ್ಲ. ಆದರೆ ಅದಕ್ಕೆ ಕಾಣಬೇಕಲ್ಲ.

ಎರಡನೆಯದು ರಾಡಾರ್ ಸಹಾಯ. ನೆಲದಲ್ಲಿರುವ ಕಂಟ್ರೋಲರ್ ರಾಡಾರ್ ಪರದೆ ನೋಡುತ್ತಾ ರೇಡಿಯೋದಲ್ಲಿ ದಾರಿ ಹೇಳುತ್ತಾರೆ. ಎಡಕ್ಕೆ ಸ್ವಲ್ಪ, ಈಗ ಸರಿ, ಇನ್ನೂ ಕೆಳಗೆ, ಹೀಗೆ ರನ್‌ವೇಯ ಬಾಗಿಲ ತನಕ ಕರೆತರುತ್ತಾರೆ. ಯುದ್ಧದ ಕಾಲದಲ್ಲೇ ಹುಟ್ಟಿದ ಈ ವಿಧಾನ ಎಷ್ಟೋ ಜೀವ ಉಳಿಸಿದೆ. ಆದರೆ ಅದು ಒಂದೊಂದಾಗಿ ಮಾಡುವ ಕೆಲಸ. ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ವಿಮಾನಕ್ಕೂ ಮುಂದಿನದಕ್ಕೂ ಮೂರು ನಿಮಿಷದ ಅಂತರ ಬೇಕು ಅಂದುಕೊಳ್ಳೋಣ. ಎಂಟನೆಯವನ ಸರದಿ ಬರುವಾಗ ಇಪ್ಪತ್ತೊಂದು ನಿಮಿಷ ಆಗಿರುತ್ತದೆ. ಜೋಡಿ ಜೋಡಿಯಾಗಿ ಕರೆತಂದರೂ ಕೊನೆಯ ಜೋಡಿ ಒಂಬತ್ತು ನಿಮಿಷ ಕಾಯಬೇಕು. ಕೆಳಗೆ, ಮೋಡದೊಳಗೆ, ಇಂಧನದ ಮುಳ್ಳು ಸೊನ್ನೆಯ ಹತ್ತಿರ ಇರುವಾಗ. ಕಣ್ಣಿನಿಂದ ಇಳಿಯುವ ಲೆಕ್ಕದಲ್ಲಿ ಹತ್ತಿರ ಹತ್ತಿರ ಬಂದ ವಿಮಾನಗಳನ್ನು ರಾಡಾರ್ ಸಾಲಿಗೆ ದೂರ ದೂರ ಜೋಡಿಸುವುದಕ್ಕೂ ಸಮಯ ಹಿಡಿಯುತ್ತದೆ. ಒಂದು ವಿಧಾನದಿಂದ ಇನ್ನೊಂದಕ್ಕೆ ಜಾರುವ ಈ ನಡುಗಾಲವೇ ಅತ್ಯಂತ ದುಬಾರಿ. ಇಲ್ಲಿ ಇಂಧನ ಹೋಗುತ್ತದೆ, ಆದರೆ ಯಾರೂ ರನ್‌ವೇಗೆ ಹತ್ತಿರವಾಗುವುದಿಲ್ಲ.

ಮೂರನೆಯದು ಬೇರೆ ನೆಲೆ. ನಾರ್ಫೋಕ್ ಮತ್ತು ಅದರ ಅಕ್ಕಪಕ್ಕದಲ್ಲಿ ರನ್‌ವೇಗಳಿಗೆ ಬರ ಇರಲಿಲ್ಲ. ಯುದ್ಧದಲ್ಲಿ ಜರ್ಮನಿಯ ಮೇಲೆ ಬಾಂಬು ಹಾಕಲು ಹೊರಡುತ್ತಿದ್ದ ವಿಮಾನಗಳಿಗಾಗಿ ಆ ಸಮತಟ್ಟಾದ ನಾಡಿನ ತುಂಬ ನೆಲೆಗಳನ್ನು ಕಟ್ಟಿದ್ದರು. ಸ್ಕಲ್ಥಾರ್ಪ್, ಕೋಲ್ಟಿಶಲ್, ಲೇಕನ್‌ಹೀತ್, ಹೀಗೆ ಪಟ್ಟಿ ಉದ್ದವಾಗುತ್ತದೆ. ನನಗನ್ನಿಸುವುದು, ಈ ಸಮೃದ್ಧಿಯೇ ಮನಸ್ಸಿಗೆ ಸುಳ್ಳು ಧೈರ್ಯ ಕೊಡುತ್ತದೆ. ನಕಾಶೆಯಲ್ಲಿ ಹತ್ತು ರನ್‌ವೇ ಕಂಡರೆ ಹತ್ತು ದಾರಿ ಇದೆ ಅನ್ನಿಸುತ್ತದೆ. ಎಲ್ಲವೂ ಒಂದೇ ಸಮುದ್ರದ ಪಕ್ಕ, ಒಂದೇ ತಗ್ಗುನೆಲದಲ್ಲಿ ಇದ್ದರೆ ಹವೆಯ ಲೆಕ್ಕದಲ್ಲಿ ಅವು ಹತ್ತಲ್ಲ, ಒಂದೇ. ನಿಜವಾಗಿ ಬೇರೆ ಹವೆ ಇರುವ ಕಡೆಗೆ ಹೋಗಬೇಕಾದರೆ ಮೇಲಿರುವಾಗಲೇ ತಿರುಗಬೇಕಿತ್ತು. ಕೆಳಗಿಳಿದ ಮೇಲೆ ಆ ದಾರಿ ಇರಲಿಲ್ಲ.

ನಾಲ್ಕನೆಯದು ವಿಮಾನ ಬಿಟ್ಟು ಹಾರುವುದು. ಆ ಕಾಲದ ಎಜೆಕ್ಷನ್ ಸೀಟಿಗೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಒಂದಷ್ಟು ಎತ್ತರ ಬೇಕಿತ್ತು. ನೆಲಮಟ್ಟದಿಂದಲೇ ಹಾರಿ ಬದುಕಬಹುದು ಎಂದು ಆ ಸೀಟು ತಯಾರಿಸುವ ಮಾರ್ಟಿನ್-ಬೇಕರ್ ಕಂಪನಿ ಜೀವಂತ ಮನುಷ್ಯನನ್ನು ಕೂರಿಸಿ ತೋರಿಸಿದ್ದು 1955ರ ಸೆಪ್ಟೆಂಬರಿನಲ್ಲಿ, ಅಂದರೆ ಐದೇ ತಿಂಗಳ ಹಿಂದೆ. ಅದು ಪ್ರಯೋಗ. ಸ್ಕ್ವಾಡ್ರನ್‌ಗಳ ಸೀಟುಗಳಿಗೆ ಆ ಶಕ್ತಿ ಇನ್ನೂ ಬಂದಿರಲಿಲ್ಲ. ಅಂದರೆ ಬದುಕಬೇಕಾದರೆ ಎಂಜಿನ್ ಇನ್ನೂ ಉಸಿರಾಡುತ್ತಿರುವಾಗಲೇ ರನ್‌ವೇ ಹುಡುಕುವುದನ್ನು ಬಿಟ್ಟು, ಉಳಿದ ಹನಿ ಇಂಧನವನ್ನು ಮೇಲೇರಲು ಬಳಸಬೇಕು. ಇದು ಎಂಥ ಕಷ್ಟದ ನಿರ್ಧಾರ ಯೋಚಿಸಿ. ಇನ್ನೊಂದು ಸುತ್ತು ಹಾಕಿದರೆ ರನ್‌ವೇ ಸಿಕ್ಕೀತು ಎಂಬ ಆಸೆ ಒಂದು ಕಡೆ. ಕೈಯಲ್ಲಿರುವುದು ಸರ್ಕಾರದ ದುಬಾರಿ ವಿಮಾನ, ಕೆಟ್ಟೇ ಇಲ್ಲದ ವಿಮಾನ. ಅದನ್ನು ಬಿಸಾಕಬೇಕು. ಕೆಳಗೆ ಹೊಲ, ಹಳ್ಳಿ, ಜನ. ನಾಲ್ವರು ಹಾರಿದರು. ಅವರ ವಿಮಾನಗಳು ಎಲ್ಲೆಲ್ಲೋ ಬಿದ್ದರೂ ನೆಲದ ಮೇಲಿದ್ದ ಯಾರೂ ಸಾಯಲಿಲ್ಲ.

ಸತ್ತ ಪೈಲಟ್ ಕೊನೆಯ ಕ್ಷಣಗಳಲ್ಲಿ ಏನು ಯೋಚಿಸಿದರು ಎಂದು ಊಹಿಸಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅವರ ಮುಂದೆ ಉಳಿದಿದ್ದ ದಾರಿಗಳು ಎಷ್ಟು ಕಿರಿದಾಗಿದ್ದವು ಅನ್ನುವುದು ಗೊತ್ತಿದ್ದರೆ ಸಾಕು.

ತಿರುವುಗಳು ಎಲ್ಲಿದ್ದವು

ಇಂಥ ಪ್ರಕರಣ ಓದಿದಾಗ ನಮ್ಮ ಗಮನ ಕೊನೆಯ ಹತ್ತು ನಿಮಿಷಕ್ಕೇ ಅಂಟಿಕೊಳ್ಳುತ್ತದೆ. ಮಂಜು, ರೇಡಿಯೋದಲ್ಲಿ ಗಡಿಬಿಡಿ, ನಿಲ್ಲುತ್ತಿರುವ ಎಂಜಿನ್‌ಗಳು. ಕಲಿಯಬೇಕಾದ್ದು ಅಲ್ಲಿ ಕಡಿಮೆ. ಆ ಹತ್ತು ನಿಮಿಷದಲ್ಲಿ ಪೈಲಟ್‌ಗಳ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಿಜವಾದ ತಿರುವುಗಳು ಅದಕ್ಕೂ ಹಿಂದೆ ಬಂದುಹೋಗಿದ್ದವು.

ಬದಲಿ ನೆಲೆ ಅಂದರೆ ಏನು ಎಂಬ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಮೊದಲ ನೆಲೆ ಕೈಕೊಟ್ಟಾಗ ಕಾಪಾಡುವುದು ಬದಲಿ ನೆಲೆಯ ಕೆಲಸ. ಮೊದಲನೆಯದು ಯಾವ ಕಾರಣಕ್ಕೆ ಕೈಕೊಡಬಹುದೋ ಆ ಕಾರಣ ಎರಡನೆಯದನ್ನು ಮುಟ್ಟಬಾರದು. ರನ್‌ವೇ ಮೇಲೆ ಒಂದು ವಿಮಾನ ಕೆಟ್ಟು ನಿಂತಿದ್ದರೆ 20 ಕಿಲೋಮೀಟರ್ ದೂರದ ಮಾರ್ಹಮ್ ಅತ್ಯುತ್ತಮ ಬದಲಿ. ಮಂಜು ಬಂದರೆ ಅದು ಬದಲಿಯೇ ಅಲ್ಲ. ಒಂದೇ ಹೆಸರಿನ ರಕ್ಷಣೆ ಒಂದು ಅಪಾಯಕ್ಕೆ ಗಟ್ಟಿ, ಇನ್ನೊಂದಕ್ಕೆ ಟೊಳ್ಳು. ಇದನ್ನು ಬೇರ್ಪಡಿಸಿ ನೋಡುವುದನ್ನು ಕಲಿತರೆ ಈ ಪ್ರಕರಣದ ಅರ್ಧ ಪಾಠ ಕಲಿತ ಹಾಗೆ.

ಇಂಧನದ ಲೆಕ್ಕ ಇನ್ನೊಂದು. ಎಷ್ಟು ಉಳಿದಾಗ ಕಸರತ್ತು ನಿಲ್ಲಿಸಿ ಮನೆಗೆ ತಿರುಗಬೇಕು ಎಂಬ ಅಂಕಿ ಪ್ರತಿ ಯುದ್ಧವಿಮಾನ ಹಾರಾಟದಲ್ಲೂ ಇರುತ್ತದೆ. ಆ ಅಂಕಿಯ ಹೊಟ್ಟೆಯಲ್ಲಿ ಒಂದು ಊಹೆ ಅಡಗಿರುತ್ತದೆ, ಹೇಗೆ ಇಳಿಯುತ್ತೇವೆ ಎಂಬ ಊಹೆ. ಕಣ್ಣಿನಿಂದ ಇಳಿಯುತ್ತೇವೆ ಅಂದುಕೊಂಡರೆ ಒಂದು ಅಂಕಿ. ಎಂಟೂ ವಿಮಾನ ರಾಡಾರ್ ಸಾಲಿನಲ್ಲಿ ಇಳಿಯಬೇಕಾದರೆ ಬೇರೆಯೇ ಅಂಕಿ, ಅದೂ ಎಂಟನೆಯ ವಿಮಾನಕ್ಕೆ ಸಾಕಾಗುವಂಥದ್ದು. ಆವತ್ತು ಆರು ವಿಮಾನ ಬಿದ್ದ ರೀತಿ ನೋಡಿದರೆ ಉಳಿದಿದ್ದ ಇಂಧನ ಸುಲಭದ ಇಳಿಯುವಿಕೆಗಷ್ಟೇ ಸಾಲುತ್ತಿತ್ತು. ಹವೆ ಸಂಶಯವಾಗಿರುವ ದಿನ ಪಾಠವನ್ನು ಹತ್ತು ನಿಮಿಷ ಮೊದಲೇ ಮುಗಿಸುವುದು ಕಲಿಕೆಗೆ ನಷ್ಟ, ನಿಜ. ಆದರೆ ಆ ಹತ್ತು ನಿಮಿಷ ಎಲ್ಲಿ ಬೇಕಾಗುತ್ತದೆ ಅನ್ನುವುದು ಈಗ ಕಾಣುತ್ತದೆ ಅಲ್ವಾ?

ಮೂರನೆಯ ತಿರುವು ನನ್ನನ್ನು ಹೆಚ್ಚು ಕಾಡುತ್ತದೆ. ಎಂಟು ವಿಮಾನಗಳನ್ನು ಒಂದೇ ಯೋಜನೆಗೆ ಕಟ್ಟಿದ್ದು. ತಂಡವಾಗಿ ಹಾರುವುದು ಯುದ್ಧವಿಮಾನಗಳಿಗೆ ಬಲ. ಒಬ್ಬರನ್ನೊಬ್ಬರು ಕಾಯುತ್ತಾರೆ, ಲೀಡರ್ ಹೇಳಿದ್ದನ್ನು ಉಳಿದವರು ಮರುಮಾತಿಲ್ಲದೆ ಮಾಡುತ್ತಾರೆ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಹೊರಟು, ಒಂದೇ ಕಸರತ್ತು ಮಾಡಿ, ಒಂದೇ ಕಡೆಗೆ ಒಂದೇ ಹೊತ್ತಿಗೆ ಬಂದರೆ ಒಂದು ತಪ್ಪು ಎಂಟರಷ್ಟಾಗುತ್ತದೆ. ಯಾರ ಬಳಿಯೂ ಹಂಚಿಕೊಳ್ಳಲು ಹೆಚ್ಚಿನ ಇಂಧನ ಇಲ್ಲ. ಮೊದಲ ವಿಮಾನ ಇಳಿಯಲು ಕಷ್ಟಪಟ್ಟಿತು ಎಂಬ ಸುದ್ದಿ ಎಂಟನೆಯದಕ್ಕೆ ತಲುಪಿದರೂ ಅದರಿಂದ ಏನೂ ಬದಲಾಗುವುದಿಲ್ಲ. ನಾಲ್ಕು ಮೊದಲು ಇಳಿದು, ನಾಲ್ಕು ಎತ್ತರದಲ್ಲೇ ಇಂಧನ ಉಳಿಸಿಕೊಂಡು ಕಾಯುವ ಹಾಗೆ ಮೊದಲೇ ಯೋಚಿಸಿದ್ದರೆ ಆ ನಾಲ್ಕಕ್ಕಾದರೂ ದೂರದ ನೆಲೆಯ ಆಯ್ಕೆ ಉಳಿಯುತ್ತಿತ್ತು.

ಅನುಭವದ ವಿಷಯಕ್ಕೆ ಬರುತ್ತೇನೆ. ನುರಿತವರ ತಂಡದಲ್ಲಿ ಒಂದು ತೊಂದರೆ ಇದೆ. ಇಂಥ ಹವೆಯಲ್ಲಿ ಹಿಂದೆಯೂ ಇಳಿದಿದ್ದೇವೆ ಎಂಬ ನೆನಪು ಎಲ್ಲರಲ್ಲೂ ಇರುತ್ತದೆ. ಆ ನೆನಪು ಸುಳ್ಳಲ್ಲ. ಆದರೆ ಒಬ್ಬೊಬ್ಬರೇ ಇಳಿದ ನೆನಪು ಎಂಟು ಜನ ಒಟ್ಟಿಗೆ ಇಳಿಯುವುದಕ್ಕೆ ಭರವಸೆ ಕೊಡುವುದಿಲ್ಲ. ಜೊತೆಗೆ ಅದು ಲೀಡರ್‌ಗಳ ಶಾಲೆ. ಎಲ್ಲರೂ ಲೀಡರ್‌ಗಳೇ ಆಗಿರುವ ಕಡೆ, ಇವತ್ತು ಬೇಡ ಎಂದು ಹೇಳುವುದು ಯಾರ ಕೆಲಸ ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಆ ಕೆಲಸ ನೆಲದ ಮೇಲೆ, ಹವಾಮಾನದ ನಕಾಶೆಯ ಮುಂದೆ ಕೂತವರಿಗೆ ಸೇರಿದ್ದು ಎಂದೇ ನನ್ನ ಅಭಿಪ್ರಾಯ. 45,000 ಅಡಿ ಎತ್ತರದಲ್ಲಿ ಡಾಗ್‌ಫೈಟ್ ಮಾಡುತ್ತಿರುವವರಿಗೆ ಕೆಳಗೆ ಮೋಡ ಎಷ್ಟು ತಗ್ಗಿದೆ ಎಂದು ಕಾಣುವುದಿಲ್ಲ.

ಆಮೇಲೆ

ಹಂಟರ್ ಕೆಟ್ಟ ವಿಮಾನ ಎಂದು ಯಾರೂ ತೀರ್ಮಾನಿಸಲಿಲ್ಲ. ಹಾಗೆ ತೀರ್ಮಾನಿಸಿದ್ದರೆ ಅದು ತಪ್ಪಾಗುತ್ತಿತ್ತು. ಹೆಚ್ಚು ಇಂಧನದ ಮಾದರಿಗಳು ಬಂದವು, ರೆಕ್ಕೆಯ ಕೆಳಗೆ ಹೆಚ್ಚುವರಿ ಟ್ಯಾಂಕುಗಳು ಬಂದವು. ನಮ್ಮ ವಾಯುಪಡೆಯೂ 1957ರಲ್ಲಿ ಹಂಟರ್‌ಗಳನ್ನು ಕೊಂಡಿತು. ಅವು ಎಫ್ 6ನ ಆಧಾರದ ಮೇಲೆ ಮಾಡಿದ ಎಫ್ 56. 1965 ಮತ್ತು 1971ರ ಯುದ್ಧಗಳಲ್ಲಿ ಅವು ದುಡಿದದ್ದು, ಅದರಲ್ಲೂ 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಯುದ್ಧಟ್ಯಾಂಕುಗಳನ್ನು ತಡೆದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗೆ ನೋಡಿದರೆ ಎಫ್ 1ರ ಚಿಕ್ಕ ಇಂಧನ ಟ್ಯಾಂಕಿನ ಪಾಠದ ಫಲ ನಮಗೂ ಸಿಕ್ಕಿತು.

ಇವತ್ತು ನಾಗರಿಕ ವಿಮಾನಗಳಿಗೆ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ. ಹೋಗಬೇಕಾದ ಊರಿಗೆ ಸಾಕಾಗುವ ಇಂಧನ, ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವ ಇಂಧನ, ಅದರ ಮೇಲೆ ಜೆಟ್ ವಿಮಾನಕ್ಕೆ ಇನ್ನೂ 30 ನಿಮಿಷ ಹಾರುವಷ್ಟು ಇಂಧನ. ಚಳಿಗಾಲದ ಬೆಳಗ್ಗೆ ದೇವನಹಳ್ಳಿಯಲ್ಲಿ ಮಂಜು ದಟ್ಟವಾದರೆ ವಿಮಾನಗಳನ್ನು ಚೆನ್ನೈ ಕಡೆಗೆ ತಿರುಗಿಸುತ್ತಾರೆ. ಬೆಂಗಳೂರಿಗೆ ಬರಬೇಕಾದವರು ಚೆನ್ನೈಯಲ್ಲಿ ಕೂತು ಬೇಸರ ಪಡುತ್ತಾರೆ. ಆದರೆ ಚೆನ್ನೈ ಬೇರೆ ಎತ್ತರದಲ್ಲಿದೆ, ಸಮುದ್ರದ ಪಕ್ಕದಲ್ಲಿದೆ. ದೇವನಹಳ್ಳಿಯ ಮಂಜಿಗೂ ಅಲ್ಲಿಯ ಹವೆಗೂ ಸಂಬಂಧವಿಲ್ಲ. ಅಷ್ಟು ದೂರ ಹಾರುವ ಇಂಧನ ಟ್ಯಾಂಕಿನಲ್ಲಿ ಉಳಿದಿರುತ್ತದೆ.

ಈ ಪ್ರಕರಣವನ್ನು ತರಗತಿಯಲ್ಲೋ ತಂಡದ ಸಭೆಯಲ್ಲೋ ಚರ್ಚೆಗೆ ಇಡುವವರಿಗೆ ನನ್ನದೊಂದು ಸಲಹೆ. ಕಥೆಯನ್ನು ಕೊನೆಯ ತನಕ ಹೇಳಬೇಡಿ. ಹಾರುವ ಮೊದಲು ಒಮ್ಮೆ ನಿಲ್ಲಿಸಿ, ಬದಲಿ ನೆಲೆ ಯಾವುದು ಎಂದು ಕೇಳಿ. ಹೆಚ್ಚಿನವರು ಹತ್ತಿರದ್ದನ್ನೇ ಆರಿಸುತ್ತಾರೆ. ವೆಸ್ಟ್ ರೇನಮ್‌ನಲ್ಲಿ ಹವೆ ಕೆಟ್ಟಿತು ಎಂಬ ಸುದ್ದಿ ಬಂದಾಗ ಇನ್ನೊಮ್ಮೆ ನಿಲ್ಲಿಸಿ. ಆಗ ವಿಮಾನಗಳು ಇನ್ನೂ ಎತ್ತರದಲ್ಲಿವೆ, ಇಂಧನ ನಿಧಾನವಾಗಿ ಇಳಿಯುತ್ತಿದೆ. ಎಂಟನ್ನೂ ಒಂದೇ ಕಡೆ ಕಳಿಸುತ್ತೀರಾ, ಹಂಚುತ್ತೀರಾ? ಮಾರ್ಹಮ್‌ನ ರನ್‌ವೇ ಕಾಣದ ಹೊತ್ತಿನಲ್ಲಿ ಕೊನೆಯ ಸಲ ನಿಲ್ಲಿಸಿ, ಮೇಲೇರಿ ವಿಮಾನ ಬಿಟ್ಟು ಹೊರಕ್ಕೆ ಹಾರುವ ಆದೇಶವನ್ನು ಯಾರು, ಎಷ್ಟು ಇಂಧನ ಉಳಿದಾಗ ಕೊಡಬೇಕು ಎಂದು ಕೇಳಿ. ಆ ಅಂಕಿಯನ್ನು ಅವರಿಂದಲೇ ಬರೆಸಿ.